ಭಾವ ತಳ್ಳಿದ ಬೈಕು

ಹೆಡ್ ಗುಮಾಸ್ತರು ಸಲಹೆಯನ್ನು ಕೇಳದವರಿಗೂ ಕೊಡುತ್ತಿದ್ದರು, ಛತ್ರಿಯನ್ನು ಕೇಳಿದವರಿಗೆ ಕೊಡುತ್ತಿದ್ದರು. ಬೈಕನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಅದರಲ್ಲೂ ಹೆಂಡತಿಯ ತಮ್ಮನಿಗೆ! ಕಳೆದ ಸಲ ಅವನು ಒಯ್ದಾಗ ಬೈಕಿಗೆ ಎರಡು ಕನ್ನಡಿಗಳಿದ್ದವು, ತಂದಾಗ ಒಂದೇ. (‘ಹಿಂದೆ ನೋಡೋಕೆ ಒಂದು ಸಾಕು ಭಾವ, ನಾವು ಮುಂದೆ ಹೋಗೋರು’ ಎಂಬ ಸಮಾಧಾನ ಬೇರೆ.)

ಈಗ ಭಾಮೈದ ಇಂಟರ್‌ವ್ಯೂಗೆಂದು ಮತ್ತೆ ಬಂದಿಳಿದಿದ್ದ. ಆ ಸಂಜೆಯೇ ಗುಮಾಸ್ತರು ಬೈಕು ಒರೆಸುವ ನೆಪದಲ್ಲಿ ಕುಕ್ಕರಗಾಲಲ್ಲಿ ಕೂತು, ಪ್ಲಗ್ಗಿನ ಮೇಲಿನ ಕ್ಯಾಪನ್ನು ಮೆಲ್ಲಗೆ ಕಳಚಿಟ್ಟರು. ಇನ್ನು ಬ್ರಹ್ಮ ಬಂದು ಒದ್ದರೂ ಬೈಕು ಹತ್ತುವಂತಿರಲಿಲ್ಲ.

ಬೆಳಿಗ್ಗೆ ಇಸ್ತ್ರಿ ಅಂಗಿಯ ಭಾಮೈದ ಒದ್ದ, ಒದ್ದ, ಬೆವರಿದ. ಗುಮಾಸ್ತರ ಮುಖದಲ್ಲಿ ಮರುಕವೋ ಮರುಕ. ಒಳಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ.

“ಪೆಟ್ರೋಲ್ ಇದೆಯಾ ಭಾವ?”

“ತುಂಬಿದೆಯಪ್ಪ.”

“ಹಾಗಾದ್ರೆ ಪ್ಲಗ್ ನೋಡಿಬಿಡ್ತೀನಿ.”

“ಮುಟ್ಟಬೇಡ! ಇಂಜಿನ್ ಕೆಂಡದ ಹಾಗೆ ಕಾದಿದೆ, ಕೈ ಸುಟ್ಟೀತು!” ಗುಮಾಸ್ತರು ಹೌಹಾರಿ ಕೂಗಿದರು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹುಬ್ಬೇರಿಸಿದಳು. “ಸ್ಟಾರ್ಟೇ ಆಗದ ಇಂಜಿನ್ ಕಾದಿದ್ದು ಹೇಗೆ ರೀ?”

“ಅದು... ಅದು ಒಳಗಿನ ಕಾವು ಕಣೇ. ನಿನಗೆ ತಿಳಿಯೋಲ್ಲ, ಸುಮ್ನಿರು!” ಎಂದು ತಡವರಿಸಿ, ಸ್ಪ್ಯಾನರ್ ಹುಡುಕುವ ನೆಪದಲ್ಲಿ ಅವರು ಒಳಗೆ ಓಡಿದರು. ಬೇಕೆಂದೇ ಹೊತ್ತು ಕಳೆದು ಹೊರಬಂದರೆ, ಭಾಮೈದ ಬೈಕಿನ ಮೇಲೆ ಆಸೀನನಾಗಿದ್ದ.

“ಸ್ಪ್ಯಾನರ್ ಬೇಡ ಭಾವ, ತಳ್ಳಿ ನೋಡೋಣ. ಅಕ್ಕ ಹೇಳಿದ ಐಡಿಯಾ.”

ತಳ್ಳುವುದಕ್ಕೇನು, ಹೇಗೂ ಹತ್ತದ ಬೈಕು! “ನಿನಗೋಸ್ಕರ ಪ್ರಾಣ ಬೇಕಾದ್ರೂ ಕೊಟ್ಟೇನು” ಎಂದು ಬೀದಿಗೆಲ್ಲ ಕೇಳುವಂತೆ ಘೋಷಿಸಿ, ಗುಮಾಸ್ತರು ಪಂಚೆ ಎತ್ತಿಕಟ್ಟಿ ಸರ್ವಶಕ್ತಿಯಿಂದ ತಳ್ಳಿದರು. ಭಾಮೈದ ಕ್ಲಚ್ ಬಿಟ್ಟ. ಬೈಕು ಗುರ್ರೆಂದು ಎದ್ದು ಹೊರಟೇಹೋಯಿತು. ಅದನ್ನೇ ನೆಚ್ಚಿ ಮುಂದಕ್ಕೆ ಬಾಗಿದ್ದ ಗುಮಾಸ್ತರು ರಸ್ತೆಗೆ ಸಾಷ್ಟಾಂಗ ಬಿದ್ದರು.

“ಕ್ಯಾಪ್ ಕಳಚಿತ್ತು ರೀ, ನಾನೇ ಒತ್ತಿದೆ,” ಎಂದಳು ಹೆಂಡತಿ, ಎತ್ತಲು ಕೈ ಚಾಚುತ್ತ. “ಒಳಗಿನ ಕಾವು ಈಗ ಹೇಗಿದೆ?”

ಅಂದು ಕಚೇರಿಗೆ ನಡೆದುಹೋಗಿ, ನಡೆದೇ ಬಂದ ಗುಮಾಸ್ತರನ್ನು ಭಾಮೈದ ಬಾಗಿಲಲ್ಲೇ ಅಪ್ಪಿಕೊಂಡ.

“ಕೆಲಸ ಸಿಕ್ತು ಭಾವ! ನಿಮ್ಮ ಆಫೀಸಿನ ಪಕ್ಕದಲ್ಲೇ. ಇಲ್ಲೇ ಇರು ಅಂದ್ಲು ಅಕ್ಕ. ಇನ್ಮೇಲೆ ದಿನಾ ಇಬ್ಬರೂ ಒಟ್ಟಿಗೇ ಹೋಗೋಣ. ಓಡಿಸೋದು ನನಗಿರಲಿ. ತಳ್ಳೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ!”