ಬೋಳು ಹಣೆಯ ಎಂಜಿನ್ನು

ಆವತ್ತಿನ ರಾದ್ಧಾಂತಕ್ಕೆಲ್ಲ ಮೂಲ, ಅಂಬ್ರಪ್ಪ ಬೆಳಿಗ್ಗೆ ಎದ್ದವನೇ ಪಾಲಿಶ್ ಪೇಪರ್ ಹಿಡಿದು ತಿಕ್ಕಿ ತಿಕ್ಕಿ ಹೊಳೆಯುವಂತೆ ಮಾಡಿದ್ದ ಅಂಗುಲದಷ್ಟು ಜಾಗ.

ಆ ಜಾಗ ಇದ್ದದ್ದು ಎಂಜಿನ್ನಿನ ಮೈಮೇಲೆ, ಎಂಜಿನ್ನು ಇದ್ದದ್ದು ವಿಮಾನದ ಮೂತಿಯಲ್ಲಿ, ವಿಮಾನ ಇದ್ದದ್ದು ರಂಗಂಪೇಟೆಯ ಹೊರಗೆ ಸೂಗಪ್ಪನ ಶೆಡ್ಡಿನಲ್ಲಿ. ಹೌದು, ವಿಮಾನವೇ. ನಗುವವರು ಈಗಲೇ ನಕ್ಕುಬಿಡಿ. ಊರವರೆಲ್ಲ ನಕ್ಕು ಮುಗಿಸಿ ಎಷ್ಟೋ ಕಾಲವಾಗಿದೆ.

ಅಂಬ್ರಪ್ಪ ಕಾಲುವೆಯ ಗೇಟು ಕಾಯುವ ನೌಕರ. ದಿನವಿಡೀ ಗೇಟಿನ ಚಕ್ರ ತಿರುಗಿಸಿ ನೀರು ಬಿಡುವುದು, ಮತ್ತೆ ತಿರುಗಿಸಿ ಬಂದ್ ಮಾಡುವುದು, ನಡುನಡುವೆ ರೈತರಿಂದ ಬೈಸಿಕೊಳ್ಳುವುದು, ಇಷ್ಟೇ ಅವನ ಬದುಕು. ಹೀಗೆ ಕೂತೂ ಕೂತೂ ಅವನಿಗೊಂದು ಹುಚ್ಚು ಹಿಡಿಯಿತು. ಈ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಂದೇ ಒಂದು ಸಲ ಮೇಲಿನಿಂದ ನೋಡಬೇಕು. ಐಟಿಐ ಕಲಿತ ಕೈ ಸುಮ್ಮನಿರಲಿಲ್ಲ. ಪೈಪು ಬೆಸೆದ, ಕಟ್ಟಿಗೆ ಕೊರೆದ. ರೆಕ್ಕೆಗೆ ಬಟ್ಟೆ ಹೊಲಿದವಳು ಹೆಂಡತಿ ದೇವಕಮ್ಮ. ಗಂಡನಿಗೆ ಬೈಯುತ್ತಲೇ ಹೊಲಿದಳು, ಆದರೆ ಹೊಲಿಗೆ ಮಾತ್ರ ಒಂದೂ ತಪ್ಪಲಿಲ್ಲ.

ಎಂಜಿನ್ನು ಹೈದರಾಬಾದಿನ ಗುಜರಿಯಲ್ಲಿ ಸಿಕ್ಕಿದ್ದು, ಯಾವುದೋ ಪರದೇಶದ ಕಾರಿನದು. ಅದರಲ್ಲಿ ಪಿಸ್ಟನ್ನೇ ಇಲ್ಲ. ಮೂರು ಮೂಲೆಯ ಬಿಲ್ಲೆಗಳೆರಡು ಒಳಗೇ ಗರಗರ ತಿರುಗುತ್ತವೆ. ಸುರಪುರದ ಪಂಪ್‌ಸೆಟ್ ಮೇಸ್ತ್ರಿ ಅಬ್ದುಲ್ ಕರೀಮ ಮೊದಲ ದಿನ ಅದನ್ನು ಬಗ್ಗಿ ನೋಡಿ, ಎದ್ದು ನೋಡಿ, "ಪಿಸ್ಟನ್ ಇಲ್ಲದ ಎಂಜಿನ್ ಅಂದ್ರ ಕರುಳಿಲ್ಲದ ಕೋಣ ಇದ್ದಂಗ ಆತು" ಎಂದು ಸಿಟ್ಟಿನಿಂದಲೇ ಮನೆಗೆ ಹೋಗಿದ್ದ.

ಸೂಗಪ್ಪ ಇಷ್ಟು ದಿನ ಶೆಡ್ಡು ಬಿಟ್ಟುಕೊಟ್ಟದ್ದೇ ದೊಡ್ಡದು. ಈಗ ಅವನು ಹೊಸ ಟ್ರ್ಯಾಕ್ಟರ್ ತಂದಿದ್ದ. ಹೊಸ ಟ್ರ್ಯಾಕ್ಟರ್ ಬಿಸಿಲಲ್ಲಿ, ಹಾರದ ವಿಮಾನ ನೆರಳಲ್ಲಿ. ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

"ತಮ್ಮಾ ಅಂಬ್ರಪ್ಪ, ಇವತ್ತು ಹೊತ್ತು ಮುಣಗೂದ್ರಾಗ ಇದು ಚಾಲೂ ಆದ್ರ ಶೆಡ್ಡು ನಿಂದು. ಆಗ್ಲಿಲ್ಲಂದ್ರ ಟ್ರಾಲಿ ತಯಾರದ. ನಾಳಿ ಮುಂಜಾನಿ ಯಾದಗಿರಿ ಗುಜರಿಗಿ," ಎಂದು ಬೆಳಿಗ್ಗೆಯೇ ಬಂದು ಹೇಳಿ ಮೀಸೆ ತಿರುವಿದ್ದ.

"ಆಗ್ತದ್ರಿ ಕಾಕಾ," ಎಂದಿದ್ದ ಅಂಬ್ರಪ್ಪ. ಬೇರೆ ಏನು ತಾನೆ ಅಂದಾನು?

ಉಳಿದದ್ದು ಅರ್ಥಿಂಗ್ ವಾಯರ್ ಒಂದೇ. ಬ್ಯಾಟರಿಯಿಂದ ಬರುವ ಆ ದಪ್ಪ ತಂತಿ ಎಂಜಿನ್ನಿನ ಮೈಗೆ ಗಟ್ಟಿಯಾಗಿ ತಾಗಬೇಕು, ನಡುವೆ ಬಣ್ಣ ಇರಬಾರದು, ಜಂಗು, ತುಕ್ಕು ಇರಬಾರದು. ಅದಕ್ಕೇ ಅಷ್ಟು ಜಾಗ ತಿಕ್ಕಿ ಬೆಳಗಿದ್ದು. ಅಷ್ಟರಲ್ಲಿ ಶೆಡ್ಡಿನ ಪಕ್ಕದ ಮನೆಯಿಂದ ದೇವಕಮ್ಮ, "ಚಾ ಆರಾಕತ್ತದ, ಬರ್ರಿ" ಎಂದು ಕೂಗಿದಳು. ಇವನು ಚಾ ಕುಡಿಯಲು ಹೋದ.

ಇವನು ಅತ್ತ ಹೋದದ್ದೇ ತಡ, ಸೂಗಪ್ಪನ ತಾಯಿ ಗೊಲ್ಲಾಳಮ್ಮ ಇತ್ತ ಬಂದಳು. ಎಂಬತ್ತರ ಮುದುಕಿ, ಕೈಯಲ್ಲಿ ವಿಭೂತಿ, ಕುಂಕುಮ, ಬೆಣ್ಣೆಯ ಬಟ್ಟಲು. ಪೂಜೆಯಿಲ್ಲದೆ ಗೊಲ್ಲಾಳಮ್ಮನ ಮನೆಯಲ್ಲಿ ಒಂದು ಕುಡುಗೋಲೂ ಹೊಸ್ತಿಲು ದಾಟುವುದಿಲ್ಲ. ಇಷ್ಟು ದೊಡ್ಡ ಯಂತ್ರಕ್ಕೆ ಯಾರೂ ಏನೂ ಮಾಡಿಲ್ಲವಲ್ಲ ಎಂದು ಅವಳಿಗೆ ಸಂಕಟ. ಸುತ್ತ ಕಪ್ಪು ಮಸಿ, ನಡುವೆ ಅಷ್ಟಗಲ ಫಳಫಳ ಜಾಗ ಕಂಡಿತು. "ಹಣಿ ತೊಳದು ಇಟ್ಟಾನ ನೋಡು ಹುಡುಗ, ಹಚ್ಚೂದು ಮರತಾನ" ಎಂದವಳೇ, ಒಣ ಲೋಹದ ಮೇಲೆ ವಿಭೂತಿ ನಿಲ್ಲಲಿ ಎಂದು ಮೊದಲು ಬೆಣ್ಣೆ ಸವರಿ, ಮೇಲೆ ಮೂರು ಗೆರೆ ವಿಭೂತಿ ದಪ್ಪಗೆ ಎಳೆದು, ನಡುವೆ ಬೋಲ್ಟಿನ ತೂತು ಕಂಡದ್ದರಿಂದ ಅದರ ತುಂಬ ಕುಂಕುಮ ಒತ್ತಿ, ಕೈಮುಗಿದು ಕಣದ ಬೇವಿನ ಮರದ ಕಟ್ಟೆಗೆ ಹೋಗಿ ಕೂತಳು.

ಅಂಬ್ರಪ್ಪ ಚಾ ಕುಡಿದು ಬಂದ. ಆ ಜಾಗ ತಿಕ್ಕಿದ್ದು ಮೇಲೆ ನಿಂತು, ಬೋಲ್ಟ್ ಬಿಗಿಯುವುದು ಮಾತ್ರ ಕೆಳಗೆ ಅಂಗಾತ ಮಲಗಿ, ಕಣ್ಣಿಗೆ ಕಾಣದ ಕಡೆ ಕೈ ತೂರಿಸಿ. ಬೆರಳಿಗೆ ಜಿಡ್ಡು ತಾಗಿತು. ತನ್ನದೇ ಬೆವರು ಎಂದುಕೊಂಡು ಬಿಗಿದೇ ಬಿಗಿದ.

ವಿಮಾನದೊಳಗೆ ಕೂತು ಕೀಲಿ ತಿರುಗಿಸಿದ. ಟಕ್ ಎಂದಿತು. ಮತ್ತೊಮ್ಮೆ ತಿರುಗಿಸಿದ. ವಿಮಾನದ ಮೂತಿಯ ಪಂಖಾ ಅರ್ಧ ಸುತ್ತು ಹೊರಳಿ ನಿಂತಿತು, ಅವನ ಕೈಯಲ್ಲಿದ್ದ ಎಕ್ಸಿಲರೇಟರ್ ಕೇಬಲ್ಲಿನಿಂದ ಹೊಗೆ ಎದ್ದಿತು. ತನ್ನ ದಾರಿ ಕಟ್ಟಿಹೋದ ಕರೆಂಟು ಸಿಕ್ಕ ದಾರಿಯಲ್ಲಿ ನುಗ್ಗಿದರೆ ಹೀಗೇ ಆಗುವುದು. ಆದರೆ ಅಂಬ್ರಪ್ಪನಿಗೆ ಆ ಹೊತ್ತಿನಲ್ಲಿ ತಲೆ ಓಡಲಿಲ್ಲ. ಬೆರಳು ಸುಟ್ಟವನ ತಲೆ ಓಡುವುದು ಕಷ್ಟ.

ಹೊಗೆ ಕಂಡ ಊರು ಸುಮ್ಮನಿದ್ದೀತೇ? ಮೊದಲು ಬಂದವನು, ಪಕ್ಕದ ಹೊಲದ ಪಂಪ್‌ಸೆಟ್ ರಿಪೇರಿಗೆ ಬಂದಿದ್ದ ಅಬ್ದುಲ್ ಕರೀಮ.

"ಬ್ಯಾಟರಿ ಸತ್ತದ. ಇದಕ್ಕ ಟ್ರ್ಯಾಕ್ಟರ್ ಬ್ಯಾಟರಿ ಬೇಕು."

"ಕರೀಮ ಭಾಯಿ, ನಿನ್ನೇ ಚಾರ್ಜ್ ಮಾಡೀನಿ..."

"ನಾ ಹುಟ್ಟಿದಾಗಿಂದ ಬ್ಯಾಟರಿ ನೋಡೀನಿ. ಸತ್ತದ ಅಂದ್ರ ಸತ್ತದ!"

ಸೂಗಪ್ಪನ ಹೊಸ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿದರು. ಸೂಗಪ್ಪ ತನ್ನ ಹಲ್ಲು ಕೀಳುವುದನ್ನು ನೋಡುವವನಂತೆ ನೋಡುತ್ತ ನಿಂತ. ಹೊಸ ಬ್ಯಾಟರಿಗೆ ಜೋರು ಹೆಚ್ಚು, ಹೊಗೆಯೂ ಹೆಚ್ಚಾಯಿತು. ಕೇಬಲ್ಲಿನ ಪ್ಲಾಸ್ಟಿಕ್ ಕರಗಿ ಅಂಬ್ರಪ್ಪನ ಲುಂಗಿಯ ಮೇಲೆ ಹನಿಯಿತು.

"ಅದಕ್ಕಂದೆ, ಪಿಸ್ಟನ್ ಇಲ್ಲ," ಎಂದ ಕರೀಮ, ಸಮಾಧಾನದಿಂದ.

ಆಗ ಲಾರಿ ಡ್ರೈವರ್ ಭೀಮರಾಯ ಬಂದ. ಅವನಿಗೆ ಜಗತ್ತಿನ ಎಲ್ಲ ರೋಗಕ್ಕೂ ಒಂದೇ ಔಷಧ. "ಇಷ್ಟ್ಯಾಕ ತ್ರಾಸು ತಗೋತಿ? ಧಕ್ಕಾ ಹೊಡದ್ರ ತಾನೇ ಚಾಲೂ ಆಗ್ತದ. ಬರ್ರಿ, ಹಿಡೀರಿ ಎಲ್ಲಾರೂ!"

"ಏ ಭೀಮರಾಯ, ಗಾಲಿಗೂ ಎಂಜಿನ್ನಿಗೂ ಸಂಬಂಧ ಇಲ್ಲೋ! ಗಾಲಿ ತಿರುಗಿದ್ರ ಗಾಲಿ ಅಷ್ಟೇ ತಿರುಗ್ತದ!" ಎಂದು ಅಂಬ್ರಪ್ಪ ಒಳಗಿನಿಂದ ಗಂಟಲು ಹರಿಯುವಂತೆ ಕೂಗಿದ.

"ಗೇರಿನ್ಯಾಗ ಹಾಕ್ಕೋ, ಬಿಡು ಅಂದಾಗ ಕ್ಲಚ್ ಬಿಡು!"

ಗೇರೇ ಇಲ್ಲದ ವಿಮಾನವನ್ನು ಇಪ್ಪತ್ತು ಮಂದಿ ನೂಕಿದರು. ಹುರುಪೇ ಹುರುಪು. ಶೆಡ್ಡು ದಾಟಿ, ದಾರಿ ದಾಟಿ, ತೊಗರಿ ಗುಡ್ಡೆ ಬಿದ್ದಿದ್ದ ಸೂಗಪ್ಪನ ಕಣವನ್ನು ಎರಡು ಸುತ್ತು ಹಾಕಿದರು. ಅಂಬ್ರಪ್ಪ ಒಳಗೆ ಕೂತು ಮದುವೆ ಮೆರವಣಿಗೆಯ ವರನಂತೆ ಅಲುಗಾಡುತ್ತ, "ಸಾಕ್ರೋ, ಸಾಕ್ರೋ" ಎನ್ನುತ್ತಿದ್ದ. ಮೂರನೆಯ ಸುತ್ತಿಗೆ ಬಲಗಡೆಯ ರೆಕ್ಕೆ ಜಾಲಿ ಬೇಲಿಗೆ ಸಿಕ್ಕು ಚರ್ರೆಂದು ಹರಿಯಿತು. ಎಲ್ಲರೂ ಕೈಬಿಟ್ಟು ನಿಂತರು.

"ಲಾರಿ ಆಗಿದ್ರ ಚಾಲೂ ಆಗ್ತಿತ್ತು," ಎಂದ ಭೀಮರಾಯ.

ದೇವಕಮ್ಮ ಸೂಜಿ ದಾರ ತಂದಳು. ಹರಿದ ಬಟ್ಟೆಯ ಮುಂದೆ ಕೂತು, ಯಾರಿಗೂ ಕೇಳದಂತೆ, "ನಾಳಿ ಗುಜರಿಯವ ಇದನ್ನ ಹರೀಲಿಕ್ಕೇ ಒಯ್ತಾನೇನ್ರಿ?" ಎಂದಳು. ಅಂಬ್ರಪ್ಪ ಅವಳ ಪಕ್ಕದಲ್ಲಿ ಕುಸಿದು ಕೂತ. ಅವನಿಗೆ ಸಾಕಾಗಿತ್ತು. ಮೈಯಲ್ಲಿ ಎಲ್ಲೆಲ್ಲಿ ನೋಯಬಹುದೋ ಅಲ್ಲೆಲ್ಲ ನೋಯುತ್ತಿತ್ತು. ಒಂದು ಮನಸ್ಸು, ಒಯ್ಯಲಿ ಬಿಡು, ಮಲಗಿ ನಿದ್ದೆಯಾದರೂ ಮಾಡೋಣ ಎಂದಿತು. ಆದರೆ ಹೆಂಡತಿ ಹೊಲಿಯುತ್ತಲೇ ಇದ್ದಳು. ಅವಳು ಹೊಲಿಯುವಷ್ಟು ಹೊತ್ತು ಇವನು ಹೇಗೆ ಮಲಗುವುದು?

ಎದ್ದು ಹೋಗಿ ಪಾನಾ ಹಾಕಿ ಅರ್ಥಿಂಗ್ ಬೋಲ್ಟನ್ನು ಬಿಚ್ಚಿದ. ಈ ಸಲ ಮೇಲಿನಿಂದ ಬಗ್ಗಿ ನೋಡಿದ. ಬೆಣ್ಣೆ, ವಿಭೂತಿ, ಕುಂಕುಮ. ಬೆಳಿಗ್ಗೆ ಬೆರಳಿಗೆ ತಾಗಿದ ಜಿಡ್ಡು ಇದೇ. ಜೇಬಿನಿಂದ ಅರಿವೆ ತೆಗೆದ.

"ಏಯ್! ಹಣಿ ಮ್ಯಾಲಿನ ವಿಭೂತಿ ಒರಸ್ತಿಯೇನೋ?" ಕಟ್ಟೆಯ ಮೇಲಿಂದ ಗೊಲ್ಲಾಳಮ್ಮ ಗುಡುಗಿದಳು. "ಸೂಗ್ಯಾ, ನೋಡೋ ಇವ ಏನ್ ಮಾಡಾಕತ್ತಾನ!"

ಶೆಡ್ಡಿನ ಯಜಮಾನನ ತಾಯಿ. ಅಂಬ್ರಪ್ಪ ಅರಿವೆಯಿಂದ ತನ್ನ ಮುಖವನ್ನೇ ಒರೆಸಿಕೊಂಡ. "ಇಲ್ಲ ಆಯಿ, ಒರಸೂದಿಲ್ಲ. ಹಂಗೇ ಇರ್ಲಿ." ಎಂಜಿನ್ನಿನ ಕೆಳಭಾಗದಲ್ಲಿ ಬೇರೊಂದು ಬೋಲ್ಟ್ ಹುಡುಕಿ, ಅದರ ಸುತ್ತ ಬಣ್ಣ ಕೆರೆಯತೊಡಗಿದ. ಕೆರೆದ ಜಾಗ ಹೊಳೆಯುತ್ತಿದ್ದಂತೆ ಮುದುಕಿ ಬಟ್ಟಲು ಹಿಡಿದು ಮತ್ತೆ ಎದ್ದಳು.

"ಆಯಿ, ಆಯಿ! ಇದು ಹಣಿ ಅಲ್ಲ, ಇದು ಪಾದ!"

ಗೊಲ್ಲಾಳಮ್ಮ ಯೋಚಿಸಿದಳು. "ಹಂಗಾದ್ರ ಹಚ್ಚೂದಿಲ್ಲ," ಎಂದು ಬಗ್ಗಿ ಅಲ್ಲಿಗೆ ನಮಸ್ಕಾರ ಮಾಡಿ ಹೋದಳು. ತಂತಿ ಅಂತೂ ಲೋಹಕ್ಕೆ ತಾಗಿತು.

ಅಷ್ಟಾದರೂ ಕಥೆ ಮುಗಿಯಲಿಲ್ಲ. ಬೆಳಿಗ್ಗೆಯಿಂದ ಒಳಗೆ ಇಳಿದ ಪೆಟ್ರೋಲಿನಲ್ಲಿ ಕಿಡಿ ಹೊತ್ತಿಸುವ ನಾಲ್ಕೂ ಪ್ಲಗ್ಗುಗಳು ತೊಯ್ದು ತೊಪ್ಪೆಯಾಗಿದ್ದವು. ಈ ಜಾತಿಯ ಎಂಜಿನ್ನಿಗೆ ಒಮ್ಮೆ ಪೆಟ್ರೋಲು ಹೆಚ್ಚಾಯಿತೆಂದರೆ ಮುಗಿಯಿತು, ಮುನಿಸಿಕೊಂಡು ಕೂತುಬಿಡುತ್ತದೆ. ಪ್ಲಗ್ ಬಿಚ್ಚಿ, ಕೀಲಿ ತಿರುಗಿಸಿ ಖಾಲಿ ಸೆಲ್ಫ್ ಹೊಡೆದು, ಒಳಗಿದ್ದ ಪೆಟ್ರೋಲನ್ನು ಹೊರಗೆ ಉಗುಳಿಸಿದ್ದಾಯಿತು. ಪ್ಲಗ್ಗುಗಳನ್ನು ದೇವಕಮ್ಮ ಮನೆಗೆ ಒಯ್ದು ರೊಟ್ಟಿ ಹಂಚಿನ ಮೇಲೆ ಹುರಿದು ತಂದಳು. "ನಾಳಿ ರೊಟ್ಟಿ ಪೆಟ್ರೋಲ್ ವಾಸನಿ ಬಂದ್ರ ನನಗ ಅನಬ್ಯಾಡ್ರಿ," ಎಂದು ಸೆರಗಿನಲ್ಲಿ ಹಿಡಿದುಕೊಟ್ಟಳು.

ಇವನು ಪ್ಲಗ್ ಕೂಡಿಸುವಷ್ಟರಲ್ಲಿ ಭೀಮರಾಯ ಪಾಪ, ಸಿಕ್ಕುಸಿಕ್ಕಾಗಿ ಕಾಣುತ್ತಿದ್ದ ಪ್ಲಗ್ಗಿನ ನಾಲ್ಕು ವಾಯರುಗಳನ್ನು ಚಂದವಾಗಿ ಜೋಡಿಸಿಟ್ಟಿದ್ದ, ಅದೂ ಅದಲುಬದಲು ಮಾಡಿ. ಕೀಲಿ ತಿರುಗಿಸಿದ್ದೇ ಢಂ! ಸೈಲೆನ್ಸರಿನಿಂದ ಬೆಂಕಿಯ ನಾಲಗೆ ಹೊರಬಂತು. ಅಬ್ದುಲ್ ಕರೀಮ ಬೇಲಿ ಹಾರಿದ. ಆ ವಯಸ್ಸಿನಲ್ಲಿ ಅಷ್ಟು ಎತ್ತರ ಹಾರಿದ್ದಕ್ಕೆ ಆಮೇಲೆ ಅವನೇ ಬೆರಗಾದ.

"ಯಾರು ಮುಟ್ಟಿದ್ರಿ ಇದನ್ನ?" ಎಂದ ಅಂಬ್ರಪ್ಪ. ಕೂಗಲು ಶಕ್ತಿ ಇರಲಿಲ್ಲ, ಅಳುವವನಂತೆ ಕೇಳಿದ. ಯಾರೂ ಮುಟ್ಟಿರಲಿಲ್ಲ. ಭೀಮರಾಯನಂತೂ ಆಕಾಶ ನೋಡುತ್ತಿದ್ದ.

ಸೂರ್ಯ ಬೇಲಿಗಿಂತ ಕೆಳಗೆ ಇಳಿದಿದ್ದ. ಸೂಗಪ್ಪ ಟ್ರಾಲಿಯ ಹಿಂಬಾಗಿಲು ತೆಗೆದು ಇಟ್ಟ. ಅಂಬ್ರಪ್ಪ ಒಂದೊಂದೇ ವಾಯರನ್ನು ಬೆರಳಿನಿಂದ ಹಿಂಬಾಲಿಸಿ ಸರಿಯಾದ ಪ್ಲಗ್ಗಿಗೆ ಚುಚ್ಚಿದ. ವಿಮಾನದ ಬಾಲವನ್ನು ಬೇವಿನ ಮರಕ್ಕೆ ಹಗ್ಗದಿಂದ ಬಿಗಿದ. ಒಳಗೆ ಹತ್ತಿ ಕೂತ. ದೇವಕಮ್ಮ ಕಣ್ಣು ಮುಚ್ಚಿಕೊಂಡಳು. ಇವನು ಕೀಲಿ ತಿರುಗಿಸಿದ.

ಒಮ್ಮೆ ಕೆಮ್ಮಿತು. ಎರಡನೆಯ ಸಲ ಕೆಮ್ಮಿತು. ಮೂರನೆಯದಕ್ಕೆ ಭರ್ರೆಂದು ಹೊತ್ತಿಕೊಂಡಿತು ನೋಡಿ, ಎಂಥ ಸದ್ದು! ಪಂಖಾ ಕಣ್ಣಿಗೆ ಕಾಣದಾಯಿತು, ವಿಮಾನ ಹಗ್ಗ ಜಗ್ಗಿ ಮುಂದಕ್ಕೆ ನುಗ್ಗಿತು. ಅಂಬ್ರಪ್ಪ ಕೂತಲ್ಲೇ ಹೋ ಎಂದು ಕೂಗಿದ, ಅದು ಅವನ ಕಿವಿಗೇ ಕೇಳಲಿಲ್ಲ. ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಬಂದದ್ದೇನೂ ಅಲ್ಲ.

ಹಿಂತಿರುಗಿ ನೋಡಿದರೆ ಯಾರೊಬ್ಬರೂ ಇವನ ಕಡೆ ನೋಡುತ್ತಿಲ್ಲ.

ಬೇವಿನ ಮರದ ಆಚೆ ಸೂಗಪ್ಪ ತುಳಿಸಿಟ್ಟ ತೊಗರಿಯ ಗುಡ್ಡೆ ಇತ್ತು. ಆ ವಾರವಿಡೀ ಒಂದೆಲೆ ಅಲುಗಾಡುವಷ್ಟು ಗಾಳಿ ಇರಲಿಲ್ಲ. ಊರಿನ ಯಾವ ಕಣದಲ್ಲೂ ರಾಶಿ ತೂರಲು ಆಗಿರಲಿಲ್ಲ. ಈಗ ವಿಮಾನದ ಗಾಳಿ ಬಡಿದು ಗುಡ್ಡೆಯ ಮೇಲಿನ ಹೊಟ್ಟು ಮೋಡದಂತೆ ಎದ್ದು ಬೇಲಿ ದಾಟಿ ಹೋಗುತ್ತಿತ್ತು, ಕೆಳಗೆ ಕೆಂಪು ಕಾಳು ಮಿಣಮಿಣ ಉಳಿದಿತ್ತು. ಸೂಗಪ್ಪ ಬಾಯಿ ತೆರೆದು ನಿಂತಿದ್ದ. ಬಾಯಿ ತುಂಬ ಹೊಟ್ಟು ಹೋದ ಮೇಲೆ ಎಚ್ಚರಾಗಿ, "ಬುಟ್ಟಿ ತರ್ರೋ!" ಎಂದು ಚೀರಿದ.

ಅಂಬ್ರಪ್ಪ ಎಂಜಿನ್ನು ಆರಿಸಲು ಕೈ ಹಾಕಿದ.

"ಬಂದ್ ಮಾಡಬ್ಯಾಡ! ಏ ಅಂಬ್ರಪ್ಪ, ನಿನ್ನ ಕಾಲು ಬೀಳ್ತೀನಿ, ಬಂದ್ ಮಾಡಬ್ಯಾಡ!"

ಬುಟ್ಟಿ ಬಂದವು, ಮೊರ ಬಂದವು. ಇಪ್ಪತ್ತು ಮಂದಿ ಸೂಗಪ್ಪನ ರಾಶಿಯನ್ನು ಎತ್ತಿ ಎತ್ತಿ ಗಾಳಿಗೆ ಸುರಿದರು. ಎರಡು ದಿನದ ಕೆಲಸ ಕತ್ತಲಾಗುವ ಮೊದಲೇ ಮುಗಿಯಿತು. ಆಮೇಲೆ ಭೀಮರಾಯ ತನ್ನ ತೊಗರಿ ತರುತ್ತೇನೆಂದ, ಕರೀಮ ತನ್ನ ಮಾವನ ಕಡಲೆ ಇದೆ ಎಂದ. ಅಂಬ್ರಪ್ಪ ಎಂಜಿನ್ನು ಆರಿಸಿ ಕೆಳಗಿಳಿದಾಗ ತಲೆಯಿಂದ ಕಾಲಿನವರೆಗೆ ಹೊಟ್ಟು ಮೆತ್ತಿಕೊಂಡು ಬೆದರುಬೊಂಬೆಯಂತಿದ್ದ.

ಸೂಗಪ್ಪ ಬಂದು ಅವನನ್ನು ತಬ್ಬಿಕೊಂಡ. "ಶಾಬಾಷ್ ತಮ್ಮಾ! ಶೆಡ್ಡು ಇವತ್ತಿನಿಂದ ನಿಂದೇ. ಪೆಟ್ರೋಲ್ ಊರು ಹಾಕ್ತದ. ಟ್ರ್ಯಾಕ್ಟರ್ ಬಿಸಲಾಗ ನಿಲ್ಲಲಿ, ಸುಡ್ಲಿ!"

"ಭಾಳ ಉಪಕಾರ ಆತ್ರಿ ಕಾಕಾ," ಎಂದ ಅಂಬ್ರಪ್ಪ. "ನಾಳಿ ಒಂದ್ಸಲ ಹಗ್ಗ ಬಿಚ್ಚಿ..."

"ಹಗ್ಗ? ಛೇ, ಹಗ್ಗ ಏನು ತಡೀತದ? ಸರಪಳಿ ಹಾಕಸ್ತೀನಿ. ಗೂಟಕ್ಕ ಸಿಮೆಂಟ್ ಹಾಕಸ್ತೀನಿ. ಊರಿನ ಗಾಳಿ ಊರಾಗೇ ಇರ್ಬೇಕು. ಹಾರಿ ಹೋದ್ರ ನಮ್ಮ ಗತಿ ಏನು?" ಸೂಗಪ್ಪ ಒಂದು ಹೆಜ್ಜೆ ಹಿಂದೆ ಸರಿದು ವಿಮಾನವನ್ನು ಎತ್ತು ಕೊಳ್ಳುವವನಂತೆ ಸುತ್ತಿ ನೋಡಿದ. "ಒಂದೇ ಒಂದು ಐಬು ನೋಡು. ಬುಟ್ಟಿ ಹಿಡದು ಓಡಾಡಾಕ ಈ ರೆಕ್ಕಿ ಅಡ್ಡ ಬರಾಕತ್ತಾವ. ಬಿಚ್ಚಿ ಅಟ್ಟದ ಮ್ಯಾಲ ಇಟ್ಟುಬಿಡು."

ಅಂಬ್ರಪ್ಪ ಹೆಂಡತಿಯ ಕಡೆ ತಿರುಗಿದ. ರೆಕ್ಕೆ ಹೊಲಿದವಳು ಅವಳು. ಇವತ್ತು ಹರಿದದ್ದನ್ನು ಮತ್ತೆ ಹೊಲಿದವಳೂ ಅವಳು. ಇಡೀ ಊರಿನಲ್ಲಿ ಒಬ್ಬಳಾದರೂ ಬೇಡ ಎನ್ನುತ್ತಾಳೆ ಎಂದು ಅವಳ ಬಾಯನ್ನೇ ನೋಡಿದ.

ದೇವಕಮ್ಮನ ಕಣ್ಣು ತುಂಬಿತ್ತು. ಮುಖದ ತುಂಬ ನಗುವೂ ಇತ್ತು. "ನೋಡ್ರಿ, ನಾ ಮದುವಿಯಾಗಿ ಈ ಊರಿಗಿ ಬಂದಾಗಿಂದ ನಿಮಗ ಯಾರೂ ಶಾಬಾಷ್ ಅಂದಿದ್ದು ಕೇಳಿರಲಿಲ್ಲ," ಎಂದಳು. ಸೆರಗಿನಿಂದ ಅವನ ಮುಖದ ಹೊಟ್ಟು ಒರೆಸಿ, ಪಾನಾ ತೆಗೆದು ಅವನ ಕೈಗೆ ಕೊಟ್ಟಳು.

ಅಂಬ್ರಪ್ಪ ರೆಕ್ಕೆಯ ಬೋಲ್ಟಿಗೆ ಪಾನಾ ಹಾಕಿದ. ಆ ಇಡೀ ದಿನದಲ್ಲಿ ತಕರಾರು ಮಾಡದೆ ಮೊದಲ ತಿರುವಿಗೇ ಬಿಚ್ಚಿಕೊಂಡು ಬಂದದ್ದು ಅದೊಂದೇ.