ಸಮುದ್ರ ದಾಟಿ ಬಂದ ಪತ್ರಿ

ಹೊರದೇಶಕ್ಕೆ ಹೋಗಿ ಬಂದವನಿಗೆ ಊರಲ್ಲಿ ಬೆಲೆ ಇರುವುದು ಟ್ರಂಕು ಬಿಚ್ಚುವವರೆಗೆ ಮಾತ್ರ. ಈ ಪರಮ ಸತ್ಯ ಹನುಮಂತ್ರಾಯ ಮಾಸ್ತರನಿಗೆ ರಾಯಚೂರಿನ ತನ್ನ ಬಾಡಿಗೆ ಮನೆಯಲ್ಲಿ ಅರಿವಾಯಿತು.

ಇಥಿಯೋಪಿಯಾದ ಗುಡ್ಡದ ಊರೊಂದರಲ್ಲಿ ಮೂರು ವರ್ಷ ಇಂಗ್ಲಿಷ್ ಕಲಿಸಿ, ಎಮರ್ಜೆನ್ಸಿಯ ದಿನಗಳಲ್ಲಿ ಅವನು ಮರಳಿ ಬಂದಿದ್ದ. ಟ್ರಂಕಿನಿಂದ ರೇಡಿಯೋ ಹೊರಬರುವ ತನಕ ಓಣಿಯೆಲ್ಲ ಅವನ ಮನೆಯಲ್ಲಿತ್ತು. ಆಮೇಲೆ ಅವನು "ಅಲ್ಲಿ ಏನಾಗ್ತಿತ್ತಂದ್ರ..." ಎಂದು ಬಾಯಿ ತೆರೆದರೆ ಸಾಕು, ಒಬ್ಬೊಬ್ಬರಿಗೂ ಒಲೆಯ ಮೇಲೆ ಹಾಲು ಇಟ್ಟುಬಂದದ್ದು ನೆನಪಾಗುತ್ತಿತ್ತು. ತಾಯಿ ಭೀಮವ್ವ "ಅಲ್ಲಿ ಮಳಿ ಚಲೋ ಆಗ್ತದೇನು?" ಎಂದು ಕೇಳಿ, ಉತ್ತರ ಬರುವ ಮೊದಲೇ ಜಪಮಣಿಗೆ ಕೈ ಹಾಕುತ್ತಿದ್ದಳು. ಹೆಂಡತಿ ಮಾನಮ್ಮ ಮಾತ್ರ ಅಕ್ಕಿ ಹಸನು ಮಾಡುತ್ತ ಪೂರ್ತಿ ಕೇಳುತ್ತಿದ್ದಳು. (ಆದರೆ ಹರಳು ಆರಿಸುವ ಕೈಗೆ ಎಸೆಯುವುದೂ ಗೊತ್ತಿರುತ್ತದೆ, ಅದೇ ಅವನ ಭಯ.)

ಟ್ರಂಕಿನ ತಳದಲ್ಲಿ ಒಂದು ಬಟ್ಟೆಯ ಗಂಟಿತ್ತು. ಅದರ ತುಂಬ ಒಣಗಿದ ಎಲೆ. ಆ ದೇಶದಲ್ಲಿ ಹೊಸ ವರ್ಷ ಬರುವುದು ನಮ್ಮ ಭಾದ್ರಪದದ ಸುಮಾರಿಗೆ. ಆಗ ಮನೆಮನೆಯಲ್ಲೂ ಈ ಎಲೆ ಹಾಕಿ 'ತೆಲ್ಲ' ಎಂಬ ಬಿಯರು ಹುದುಗಿಸುತ್ತಾರೆ. ಅದರ ಜೊತೆಗೆ 'ಮಿಸಿರ್ ವತ್' ಎಂಬ ಕೆಂಪು ಖಾರದ ಬೇಳೆ. ಅಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿದ್ದವನು ದೇವದುರ್ಗದ ಮೌನಪ್ಪ. ಊರು ಬಿಡುವ ದಿನ ಇಬ್ಬರೂ ಕೈ ಹಿಡಿದು ಮಾತಾಡಿಕೊಂಡಿದ್ದರು: ಬರುವ ಹೊಸ ವರ್ಷಕ್ಕೆ ರಾಯಚೂರಿನಲ್ಲೇ ಬೇಳೆ, ರಾಯಚೂರಿನಲ್ಲೇ ತೆಲ್ಲ. ಮೂರು ವರ್ಷದ ಬದುಕನ್ನು ಕೇಳುವವರು ಇಲ್ಲದಿದ್ದರೂ ಹೋಗಲಿ, ಒಂದು ಮಧ್ಯಾಹ್ನ ಅದನ್ನು ನಾಲಿಗೆಯ ಮೇಲಾದರೂ ಇಟ್ಟುಕೊಳ್ಳಬೇಕೆಂಬುದು ಹನುಮಂತ್ರಾಯನ ಆಸೆ.

ಕೆಟ್ಟದ್ದೆಲ್ಲಿ ಎಂದರೆ, ಮುಂಬಯಿಯಲ್ಲಿ ಕಸ್ಟಮ್ಸಿನವನು ಗಂಟು ಮೂಸಿ "ಇದೇನು?" ಎಂದು ಕೇಳಿದಾಗ, ಇವನ ಬಾಯಿಗೆ ಬಂದದ್ದು "ಪೂಜೆಯ ಪತ್ರಿ" ಎಂದು. ಮನೆಯಲ್ಲಿ ತಾಯಿಯೂ ಅದೇ ಪ್ರಶ್ನೆ ಕೇಳಿದಳು. ಒಮ್ಮೆ ನಡೆದ ಸುಳ್ಳು ಎರಡನೇ ಸಲ ತಾನೇ ನಡೆದುಕೊಂಡು ಬಂತು.

ಭೀಮವ್ವನ ಕಣ್ಣು ತುಂಬಿದವು. ಕೃಷ್ಣೆಯ ದಂಡೆಯ ಗೂಗಲ್ಲು ಎಂಬ ಊರಿನ ಅಲ್ಲಮಪ್ರಭುವಿನ ಭಕ್ತೆ ಅವಳು. ಗಂಡ ಸೇಂದಿ ಕುಡಿದು ಹೊಲ, ಮನೆ, ಕಡೆಗೆ ತನ್ನನ್ನೂ ಕಳೆದುಕೊಂಡ ಮೇಲೆ, ತಾನಿರುವ ಸೂರಿನ ಕೆಳಗೆ ಅಮಲಿನ ಹನಿ ಬೀಳಬಾರದೆಂದು ಆ ದೇವರ ಮುಂದೆ ಆಣೆ ಮಾಡಿದ್ದಳು. ಗುಡಿಯೊಳಗೆ ಬಾ ಎಂದರೆ ಚಪ್ಪಲಿ ಕಾಯುತ್ತೇನೆ ಎನ್ನುತ್ತಿದ್ದ ಮಗ ಈಗ ಸಮುದ್ರದ ಆಚೆಯಿಂದ ಪತ್ರಿ ತಂದಿದ್ದಾನೆ!

"ಯಪ್ಪಾ ಹನುಮಾ, ನಿನಗ ಅಲ್ಲಿ ಹೋಗಿ ಬುದ್ಧಿ ಬಂತು ನೋಡು," ಎಂದು ಗಂಟನ್ನು ಕಣ್ಣಿಗೊತ್ತಿ ದೇವರ ಜಗಲಿಯ ಮೇಲೆ ಇಟ್ಟುಬಿಟ್ಟಳು. ಬಿಯರಿನ ಎಲೆಗೆ ಅಂದಿನಿಂದ ದಿನವೂ ಊದಿನಕಡ್ಡಿ.

ಅದನ್ನು ಮರಳಿ ಪಡೆಯುವುದು ಹೇಗೆ? ಖರೆ ಹೇಳಿದರೆ ತಾಯಿಯ ಎದೆ ಒಡೆಯುತ್ತದೆ. ಹೇಳದಿದ್ದರೆ ಮೌನಪ್ಪ ದೇವದುರ್ಗದ ಬಸ್ಸಿಳಿದು ಬರಿ ನೀರು ಕುಡಿಯಬೇಕಾಗುತ್ತದೆ. ಬಹಳ ಯೋಚಿಸಿ ಅವನು ಕಂಡುಕೊಂಡ ದಾರಿ, ಭಕ್ತಿ.

ಶ್ರಾವಣದ ಮೊದಲ ಸೋಮವಾರ ಹನುಮಂತ್ರಾಯ ಕತ್ತಲಿರುವಾಗಲೇ ಎದ್ದು, ಮಿಂದು, ಹಣೆಗೆ ಮೂರು ಬೆರಳು ವಿಭೂತಿ ಎಳೆದು ಜಗಲಿಯ ಮುಂದೆ ಕುಳಿತ. ಕಣ್ಣು ಮುಚ್ಚಿದ. ಒಂದು ಎಲೆ ದೇವರಿಗೆ, ಒಂದು ಹಿಡಿ ಧೋತರದ ಮಡಿಲಿಗೆ. ಹಿಂದೆ ಕುಳಿತ ತಾಯಿಗೆ ಕಾಣುತ್ತಿದ್ದುದು ಮಗನ ಬಾಗಿದ ಬೆನ್ನು ಮಾತ್ರ. ಶಾಲೆಗೆ ಹೋಗುವ ಮುಂಚೆ, ಮಡಿಲಿನೊಳಗೇ ಹಿಸುಕಿ ಪುಡಿ ಮಾಡಿದ ಎಲೆಯನ್ನು ಒಂದು ಬಿಸ್ಕೀಟಿನ ಡಬ್ಬಿಗೆ ಸುರಿದು ಅಟ್ಟದ ಮೇಲೆ ಇಡುತ್ತಿದ್ದ. ಹೀಗೆ ಶ್ರಾವಣವೆಲ್ಲ ದಿನವೂ ನಡೆಯಿತು. ಓಣಿಯವರು ಅವನನ್ನು ಕಂಡರೆ ಕೈ ಮುಗಿಯತೊಡಗಿದರು; ಅವನೂ ಮುಗಿಯತೊಡಗಿದ. (ಕಳ್ಳನಿಗೂ ಚಟ ಹತ್ತುತ್ತದೆ, ಭಕ್ತಿಯ ಚಟವಾದರೂ.)

ಗಣಪತಿ ನೀರು ಸೇರಿದ ಮರುದಿನ ಹಿತ್ತಲ ಕೋಣೆಯಲ್ಲಿ ಗಡಿಗೆ ಇಟ್ಟ. ಮೊಳಕೆ ಬರಿಸಿ ಹುರಿದ ಜೋಳ, ಬೆಲ್ಲ, ಡಬ್ಬಿಯ ಪುಡಿ. ಅಲ್ಲಿ ಸುಟ್ಟ ರೊಟ್ಟಿಯನ್ನು ಮುರಿದು ಹಾಕುತ್ತಾರೆ. ಇಲ್ಲಿ ಮಾನಮ್ಮನ ಕಟಕ ರೊಟ್ಟಿಗಳಿದ್ದವಲ್ಲ.

"ರೀ, ರೊಟ್ಟಿ ಪುಟ್ಟಿ ಯಾಕೋ ಖಾಲಿ ಆಗ್ಯಾದ," ಎಂದಳು ಮಾನಮ್ಮ.

"ಇಲಿ ಇರಬೇಕು."

"ಇಲಿ ಮ್ಯಾಲಿನ ಮುಚ್ಚಳ ತಿರುಗಿ ಮುಚ್ಚಿ ಹೋಗ್ಯಾದ. ಶಾಣ್ಯಾ ಇಲಿ." ಅವಳು ಮತ್ತೇನೂ ಹೇಳದೆ ಅಕ್ಕಿ ಕೇರಲು ಕುಳಿತಳು.

ತಾಯಿಯೂ ಗಡಿಗೆ ಕಂಡಳು. "ಅದೇನಪ್ಪಾ?"

"ಪತ್ರಿ ಕಷಾಯ, ಯವ್ವಾ. ಎದಿಗೆ ಚಲೋ."

ಅಲ್ಲಿನ ಹೊಸ ವರ್ಷ ಆ ಸಲ ಶನಿವಾರ ಬಂತು. ಬೆಳಗಿನ ಶಾಲೆ ಮುಗಿಸಿ ಬಂದವನೇ ಹನುಮಂತ್ರಾಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಪಕ್ಕದ ಮನೆಯ ಬಡೇಬೀ ಮಸೂರ ಬೇಳೆ ಕೊಟ್ಟಿದ್ದಳು. ಅವನು ಹೇಳಿದಂತೆ ಮೆಂತ್ಯ, ಅಜವಾನ, ಶುಂಠಿ, ಯಾಲಕ್ಕಿ ಸೇರಿಸಿ ಕೆಂಪು ಖಾರ ಕುಟ್ಟಿದವಳೂ ಅವಳೇ. ಅದಕ್ಕೆ ಅಲ್ಲಿ 'ಬರ್ಬರೆ' ಎನ್ನುತ್ತಾರೆ ಎಂದಾಗ ಬಡೇಬೀ ಸೀನುತ್ತಲೇ ಒಪ್ಪಿದ್ದಳು: "ಖರೇ ಹೆಸರು ಮಾಸ್ತರ್‌ಸಾಬ್. ಕುಟ್ಟಿ ಕುಟ್ಟಿ ನಾ ಬರ್ಬಾದ್ ಆದೆ."

"ಏನಂದ್ರಿ ಇದರ ಹೆಸರು?" ಮಾನಮ್ಮ ಬಾಗಿಲಿಗೆ ಒರಗಿ ಕೇಳಿದಳು.

"ಮಿಸಿರ್ ವತ್."

"ಮಸರು ಒತ್ತೂದಾ? ಮಸರು ಯಾರರ ಒತ್ತತಾರೇನ್ರಿ?"

"ಮಸರಲ್ಲ ಮಾರಾಯ್ತಿ, ಬ್ಯಾಳಿ! ಉಳ್ಳಾಗಡ್ಡಿ ಕೊಡು. ಎಣ್ಣಿ ಬ್ಯಾಡ. ಮೊದಲು ಬರೇ ಉಳ್ಳಾಗಡ್ಡಿ ಹುರೀಬೇಕು."

"ಎಣ್ಣಿ ಇಲ್ದ?" ಭೀಮವ್ವನೂ ಬಂದು ಇಣುಕಿದಳು. "ಅಲ್ಲಿ ಅಷ್ಟು ತುಟ್ಟಿ ಅದ ಏನು ಎಣ್ಣಿ?"

"ಎಣ್ಣಿ ಆಮ್ಯಾಲ, ಯವ್ವಾ. ಇದು ಅವರ ಉಪಾಸದ ಅಡಗಿ. ಉಪಾಸ ಇದ್ದಾಗ ಮಾಂಸ ಇಲ್ಲ, ಹಾಲು ಇಲ್ಲ, ತುಪ್ಪ ಇಲ್ಲ."

"ಉಳ್ಳಾಗಡ್ಡಿ, ಬಳ್ಳೊಳ್ಳಿ ತಿಂದು ಉಪಾಸ!" ಭೀಮವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಹಂಗಾರ ನಾವು ವರ್ಷ ಪೂರ್ತಿ ಉಪಾಸ ಇದ್ದಂಗಾತು ಬಿಡು."

ಈರುಳ್ಳಿ ಹುರಿಹುರಿದು ಕಂದುಬಣ್ಣಕ್ಕೆ ಬಂತು. ಎಣ್ಣೆ, ಖಾರ, ಬೇಳೆ ಒಂದೊಂದಾಗಿ ಬಿದ್ದವು. ಮನೆಯಲ್ಲಿ ಏಳುತ್ತಿದ್ದ ಘಾಟಿನೊಳಗೆ ಹನುಮಂತ್ರಾಯನಿಗೆ ಆ ಗುಡ್ಡದ ಊರು ಕಂಡಂತಾಗಿ ಕಣ್ಣು ಒದ್ದೆಯಾದವು. (ಮಾನಮ್ಮ ಅದನ್ನು ಈರುಳ್ಳಿಯ ಲೆಕ್ಕಕ್ಕೆ ಬರೆದುಕೊಂಡಳು.)

ಅಷ್ಟರಲ್ಲಿ ಮೌನಪ್ಪ ಬಂದ. ಹೆಸರೊಂದೇ ಮೌನ. ಓಣಿಯ ತಿರುವಿನಿಂದಲೇ ಕೂಗಿದ: "ಲೇ ಹನುಮ್ಯಾ, ಎಲ್ಲಿ ಅದಲೇ ನಿನ್ನ ತೆಲ್ಲ?"

ಹನುಮಂತ್ರಾಯ ಸೌಟು ಎತ್ತಿ ಸನ್ನೆ ಮಾಡುವುದರೊಳಗೆ ಭೀಮವ್ವ ಎದ್ದಿದ್ದಳು. ಅವಳ ತವರು ತೆಲುಗಿನ ಗಡಿ. "ತೆಲ್ಲ ಅಂದ್ರ ಬಿಳೀದು. ಪಾಪ, ಬಿಸಿಲಾಗ ಬಂದಾನ. ಮಾನವ್ವಾ, ಮಜ್ಜಿಗಿ ಕೊಡು."

ಮೌನಪ್ಪ ಮಜ್ಜಿಗೆಯ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಅಪರಾಧಿಯನ್ನು ಕೋರ್ಟು ನೋಡುವಂತೆ ಗೆಳೆಯನನ್ನು ನೋಡಿದ. "ಯವ್ವಾ, ಇದಲ್ಲಬೇ. ಅವ ಗಡಿಗ್ಯಾಗ ಏನೋ ಇಟ್ಟೀನಿ ಅಂದಿದ್ದ..."

"ಪತ್ರಿ ಕಷಾಯ! ಅದೇನು ಬರೇ ಕಷಾಯ ಅಲ್ಲಪ್ಪಾ, ದೇವರ ಮ್ಯಾಲಿಂದ ಇಳಿದದ್ದು, ತೀರ್ಥ ಇದ್ದಂಗ. ತರ್ತೀನಿ ತಡಿ."

ಅವಳು ತಾನೇ ಹೋಗಿ ಗಡಿಗೆ ಹೊತ್ತು ತಂದು ನಡುಮನೆಯಲ್ಲಿ ಇಟ್ಟಳು. ಮುಚ್ಚಳ ತೆಗೆದಳು. ಒಂದು ಹುಳಿ ವಾಸನೆ ಎದ್ದಿತು. ಭೀಮವ್ವ ಸೆರಗು ಹೊದ್ದು, ಬಲಗೈ ಬೋಗುಣಿಯಂತೆ ಮಡಿಸಿ ಮುಂದೆ ಚಾಚಿದಳು. "ಮೊದಲು ನನಗ ಹಾಕಬೇ ಮಾನವ್ವಾ. ನನ್ನ ಮಗನ ಭಕ್ತಿ ನಾ ಮೊದಲು ಕುಡೀತೀನಿ."

ಹನುಮಂತ್ರಾಯ ಒಲೆಯ ಮುಂದಿನಿಂದ ಎದ್ದ. ಇಷ್ಟು ವರ್ಷ ಕಾದ ಆಣೆ ಆ ಸುಕ್ಕುಗಟ್ಟಿದ ಅಂಗೈಯಲ್ಲಿತ್ತು. ಮಾನಮ್ಮ ಸೌಟು ಅದ್ದಿದ್ದಳು. ಬೇಡ ಎನ್ನಬೇಕು, ಯಾಕೆ ಎಂದು ಕೇಳಿದರೆ?

"ಹಲ್ಲಿ!" ಎಂದು ಚೀರಿದ. "ಯವ್ವಾ, ಹಲ್ಲಿ ಬಿದ್ದದ!" ಎಂದವನೇ ಹಾರಿ ಬಂದು ಗಡಿಗೆಯನ್ನು ಕಾಲಿನಿಂದ ಉರುಳಿಸಿದ.

ಗಡಿಗೆ ಒಡೆದು, ಶ್ರಾವಣವೆಲ್ಲ ಬೆಳಗಿನ ನಿದ್ದೆ ಕೊಟ್ಟು ಗಳಿಸಿದ ತೆಲ್ಲ ಕಲ್ಲುಚಪ್ಪಡಿಯ ಮೇಲೆ ಹರಿಯಿತು. ಮೌನಪ್ಪ ನಿಟ್ಟುಸಿರು ಬಿಟ್ಟ ಸದ್ದು ಬಡೇಬೀಯ ಮನೆಗೂ ಕೇಳಿರಬೇಕು.

ಭೀಮವ್ವ ಮಾತ್ರ ಹಲ್ಲಿಯನ್ನು ಹುಡುಕಲಿಲ್ಲ. "ಪತ್ರಿ ತುಳೀಬ್ಯಾಡ್ರೋ!" ಎಂದು ನೆಲಕ್ಕೆ ಕುಳಿತು ಎಲೆ ಆರಿಸತೊಡಗಿದಳು. ಪುಡಿಯಲ್ಲಿ ಪುಡಿಯಾಗದೆ ಉಳಿದ ಒಂದೆರಡು ಎಲೆ ನೀರಲ್ಲಿ ನೆನೆದು ಅರಳಿದ್ದವು. ಹನುಮಂತ್ರಾಯ ಬಗ್ಗಿ ನೋಡಿದ. ಒಂದು ತೊಟ್ಟಿಗೆ ಮೂರು ದಳ.

"ಯವ್ವಾ... ಇದು ಬಿಲ್ವಪತ್ರಿ!"

"ಹೌದಪ್ಪಾ." ತಾಯಿ ಎಲೆಯನ್ನು ಸೆರಗಿನಿಂದ ಒರೆಸಿದಳು. "ನೀ ತಂದದ್ದು ಶ್ರಾವಣದ ಹಿಂದಿನ ಅಮಾಸಿಗೆ ಗೂಗಲ್ಲಿಗೆ ಒಯ್ದು ಅಪ್ಪನ ಪಾದಕ್ಕ ಹಾಕಿಬಂದೆ. ಅಷ್ಟು ದೂರದಿಂದ ಬಂದದ್ದು ಮನ್ಯಾಗ ಯಾಕ? ಗಂಟಿನ್ಯಾಗ ಅಲ್ಲಿ ಸಿಕ್ಕ ಬಿಲ್ವ ತುಂಬಿಟ್ಟೆ. ನೀ ನೋಡಿದ್ರ ಹಿಡಿ ಹಿಡಿ ಏರಸಾಕತ್ತಿದಿ. ಪತ್ರಿ ಮುಗಿದ್ರ ನಿನ್ನ ಭಕ್ತಿನೂ ಮುಗದೀತಂತ ಅಂಜಿ, ದಿನಾ ಸಂಜೀಕ ತಂದು ಒಣಗಿಸಿ ತುಂಬತಿದ್ದೆ."

ಮೌನಪ್ಪ ಒಡೆದ ಗಡಿಗೆಯ ಚೂರು ಎತ್ತಿ ಮೂಸಿದ. "ಲೇ," ಎಂದ ಗೆಳೆಯನ ಕಿವಿಯಲ್ಲಿ, "ಗುಡಿ ವಾಸನಿ ಬರಾಕತ್ತದ. ಕುಡಿದಿದ್ರ ನಾವಿಬ್ರೂ ಸ್ವಾಮಿಗಳೇ ಆಗಿಬಿಡ್ತಿದ್ವಿ."

ಊಟಕ್ಕೆ ಕುಳಿತರು. ಒಂದೇ ದೊಡ್ಡ ತಾಟಿನಲ್ಲಿ ರೊಟ್ಟಿ ಹಾಸಿ, ನಡುವೆ ಬೇಳೆ. ಮೌನಪ್ಪ ಮೊದಲ ತುತ್ತಿಗೇ ಕಣ್ಣು ಮುಚ್ಚಿದ. "ಅದೇ ಲೇ. ಅದೇ." ಮಜ್ಜಿಗೆಯ ತಂಬಿಗೆ ಎತ್ತಿ ಗೆಳೆಯನ ತಂಬಿಗೆಗೆ ತಗಲಿಸಿದ. ಭೀಮವ್ವನ ಲೆಕ್ಕದಲ್ಲಿ ಅದೂ ತೆಲ್ಲವೇ.

ಭೀಮವ್ವ ಬೆರಳ ತುದಿಯಲ್ಲಿ ರುಚಿ ನೋಡಿದಳು. "ಖಾರಬ್ಯಾಳಿ ಇದ್ದಂಗ ಅದ. ಹುಣಸಿ ಮರ್ತೀದಿ." ಇನ್ನೊಮ್ಮೆ ನೋಡಿದಳು. "ಇರಲಿ ಬಿಡು, ಚಲೋ ಅದ. ಅಲ್ಲೂ ಹಿಂಗ ಒಂದ ತಾಟಿನ್ಯಾಗ ಉಣ್ತಾರೇನು?"

ಹನುಮಂತ್ರಾಯನ ಕೈ ನಿಂತಿತು. ಮಳೆ, ಎಣ್ಣೆಯ ರೇಟು ಬಿಟ್ಟರೆ, ಬಂದ ಮೇಲೆ ತಾಯಿ ಆ ದೇಶದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. "ಹೌದಬೇ. ಮನಿಗೆ ಬಂದವರ ಬಾಯಿಗೆ ತಾವೇ ತುತ್ತು ಇಡ್ತಾರ. ಇಟ್ಟವರು ಬ್ಯಾರೆ ಅಲ್ಲ, ತಿಂದವರು ಬ್ಯಾರೆ ಅಲ್ಲ ಅಂತ."

"ತುತ್ತು ಇಡೂದು ನೋಡಾಕ ಅಷ್ಟು ದೂರ ಹೋಗಿದ್ದೇನು, ಹುಚ್ಚಪ್ಪಾ?" ಎಂದು ಅವಳು ರೊಟ್ಟಿ ಮುರಿದು, ಬೇಳೆ ಅದ್ದಿ, ಮಗನ ಬಾಯಿಗೆ ಒಂದು, ಮೌನಪ್ಪನ ಬಾಯಿಗೆ ಒಂದು ಇಟ್ಟಳು. ಆಮೇಲೆ ಕೈ ಒರೆಸಿಕೊಳ್ಳದೆ ಕುಳಿತು, ಆ ಊರಿನ ಗುಡ್ಡ, ಮಳೆ, ಉಪವಾಸ, ಹುಡುಗರು ಎಲ್ಲವನ್ನೂ ಕೇಳಿದಳು. ಹನುಮಂತ್ರಾಯ ಹೇಳಿದ. ಯಾರ ಮನೆಯ ಹಾಲೂ ಉಕ್ಕಲಿಲ್ಲ.

ಬಸ್ಸಿನ ಹೊತ್ತಿಗೆ ಮೌನಪ್ಪ ಎದ್ದ ಮೇಲೆ ಭೀಮವ್ವ ತೀರ್ಪು ಕೊಟ್ಟಳು. "ದೇವರ ಪತ್ರಿಯೊಳಗ ಹಲ್ಲಿ ಬಿದ್ರ ದೋಷ. ನಿನ್ನ ಗಡಿಗಿ, ನೀನ ತೀರಿಸಬೇಕು. ಇನ್ನ ಮುಂದ ವರ್ಷ ಪೂರ್ತಿ ಅಮಾಸಿಗೊಮ್ಮೆ ಉಪಾಸ ಇದ್ದು ಗೂಗಲ್ಲಿಗೆ ನಡಿ. ನಮ್ಮ ಉಪಾಸ ಮತ್ತ, ಉಳ್ಳಾಗಡ್ಡಿದಲ್ಲ."

ಹನುಮಂತ್ರಾಯ ಸಹಾಯಕ್ಕಾಗಿ ಹೆಂಡತಿಯ ಕಡೆ ನೋಡಿದ. ಮಾನಮ್ಮ ಮೊರದಿಂದ ತಲೆ ಎತ್ತದೆ, "ಹೌದ್ರಿ ಅತ್ತಿ, ಹಲ್ಲಿ ನಾನೂ ನೋಡಿದೆ. ರೊಟ್ಟಿ ತಿನ್ನೂ ಇಲಿ ಬೆನ್ನಿಗೇ ಇತ್ತು," ಎಂದಳು.

ಮರುದಿನ ಕತ್ತಲಲ್ಲಿ ಅವನಿಗೆ ಎಚ್ಚರವಾಯಿತು. ಏಳುವ ಕಾರಣ ಏನೂ ಉಳಿದಿರಲಿಲ್ಲ. ಆದರೆ ಬಚ್ಚಲಲ್ಲಿ ಮಾನಮ್ಮ ನೀರು ಕಾಯಿಸಿದ್ದಳು, ಜಗಲಿಯ ಎದುರಿಗೆ ತಾಯಿ ಆಗಲೇ ಕುಳಿತಿದ್ದಳು. ಹೋಗಿ ಮಿಂದು ಬಂದು ಕುಳಿತ. ಕೈ ಅಭ್ಯಾಸದಂತೆ ಗಂಟಿಗೆ ಹೋಗಿ ಒಂದು ಹಿಡಿ ಎತ್ತಿತು, ಮಡಿಲಿನ ತನಕ ಬಂತು, ನಿಂತಿತು. ಆ ಹಿಡಿಯಷ್ಟನ್ನೂ ದೇವರ ಮೇಲೆ ಹಾಕಿದ.

"ನೋಡಬೇ ಮಾನವ್ವಾ," ಭೀಮವ್ವ ಸೊಸೆಯನ್ನು ಕರೆದಳು, "ನನ್ನ ಮಗ ಖರೇ ಭಕ್ತ."

ಗೋಡೆಯ ಮೇಲಿಂದ ಹಲ್ಲಿ ಲೊಚ್‌ಲೊಚ್ ಎಂದಿತು.

ಭೀಮವ್ವ ಬೆರಳಿನಿಂದ ನೆಲ ತಟ್ಟಿ ಕಣ್ಣಿಗೊತ್ತಿಕೊಂಡಳು. "ಶಿವ ಶಿವಾ! ಕೇಳಿದ್ಯಾ? ಹಲ್ಲಿನೂ ಹೌದಂತು. ನಿನ್ನೆ ಗಡಿಗ್ಯಾಗ ಬಿದ್ದು ಬದುಕಿದ್ದು ಇದ ಇರಬೇಕು!"