ಹೇಳದೇ ಹೊರಡುವ ಫಾದರ್

ನನ್ನ ಭಾಮೈದನನ್ನು ನೈರೋಬಿಯ ಭಕ್ತರು ಮನೆಮನೆಯಿಂದ ಓಡಿಸುತ್ತಿದ್ದಾರೆ. ನಾನು ಹೇಳಿದ್ದಲ್ಲ, ಅವನೇ ಹೇಳಿದ್ದು!

ಅವನು ಪಾದ್ರಿ. ವಯಸ್ಸು ಇಪ್ಪತ್ತೊಂಬತ್ತು. ಮೈಸೂರಿನಲ್ಲಿ ಗುರುದೀಕ್ಷೆಯಾಗಿ ಎರಡು ವರ್ಷ ತುಂಬುವಷ್ಟರಲ್ಲಿ ಅವನ ಸಭೆಯ ಹಿರಿಯರು ಅವನನ್ನು ಇಲ್ಲಿ ಇಂಡಸ್ಟ್ರಿಯಲ್ ಏರಿಯಾ ಪಕ್ಕದ ಒಂದು ಚರ್ಚಿಗೆ ಕಳಿಸಿದರು. ಮೂರು ತಿಂಗಳು ಇದ್ದು ನೋಡು, ಆಗದಿದ್ದರೆ ಬರೆ, ವಾಪಸ್ ಕರೆಸಿಕೊಳ್ಳುತ್ತೇವೆ ಅಂದಿದ್ದರಂತೆ. ಇವನು ಎರಡನೇ ವಾರವೇ ಪತ್ರ ಬರೆದಿಟ್ಟ. ಕಳಿಸಿರಲಿಲ್ಲ, ಅಷ್ಟೆ. ಪ್ರತಿ ಸೋಮವಾರ ಸ್ಪ್ರಿಂಗ್ ವ್ಯಾಲಿಯ ನಮ್ಮ ಮನೆಗೆ ಬಂದು, ಅಕ್ಕ ಮಾಡಿದ ಅನ್ನ ಸಾರು ಉಂಡು, ಫೋನು ತೆಗೆದು ಪತ್ರಕ್ಕೆ ಒಂದು ಸಾಲು ಸೇರಿಸುತ್ತಿದ್ದ. ನನ್ನ ಹೆಂಡತಿಗೆ ಹದಿನಾರು ವರ್ಷಗಳ ಮೇಲೆ ತವರಿನವನೊಬ್ಬ ಕೈಗೆಟುಕುವಷ್ಟು ಹತ್ತಿರ ಸಿಕ್ಕಿದ್ದ. ಅವನು ಸಾಲು ಸೇರಿಸಿದಂತೆಲ್ಲ ಅವಳು ತುಪ್ಪ ಜಾಸ್ತಿ ಹಾಕುತ್ತಿದ್ದಳು.

ಇವನನ್ನು ಕರೆಯುವುದಾದರೂ ಹೇಗೆ? ಮನೆಯಲ್ಲಿ 'ಏನೋ', ಚರ್ಚಿನಲ್ಲಿ 'ಫಾದರ್'. ಒಂದು ಭಾನುವಾರ ಇಡೀ ಸಭೆಯ ಎದುರು 'ಏನೋ ಫಾದರ್' ಅಂದುಬಿಟ್ಟೆ. ಇಲ್ಲಿನವರಿಗೆ ಕನ್ನಡ ಬರುವುದಿಲ್ಲ, ಬಚಾವ್!

ಅವನ ಗೊಂದಲ ಶುರುವಾದದ್ದು ಮೊದಲ ಪ್ರಬೋಧನೆಯಿಂದ. ಮೈಸೂರಿನಲ್ಲಿ ಎಂಟು ನಿಮಿಷ ದಾಟಿದರೆ ಹಿಂದಿನ ಬೆಂಚಿನವರು ವಾಚು ನೋಡುತ್ತಾರೆ. ಇವನು ಇಲ್ಲೂ ಎಂಟು ನಿಮಿಷಕ್ಕೆ ಮುಗಿಸಿದ. ಜನ ಕಾದರು. ಹಾಡುವವರು ಕಾದರು. ಪೂಜೆ ಮುಗಿದ ಮೇಲೆ ಸಾಲಾಗಿ ಬಂದು ಕೈ ಹಿಡಿದು, "ಪೋಲೆ ಫಾದರ್, ಪೋಲೆ" ಅಂದರು. ಅಯ್ಯೋ ಪಾಪ ಅಂತ! ಮೈಗೆ ಹುಷಾರಿಲ್ಲದೆ ಯಾರಾದರೂ ಅಷ್ಟು ಬೇಗ ಮಾತು ನಿಲ್ಲಿಸುತ್ತಾರೆಯೇ? ಒಬ್ಬಾಕೆ ಶುಂಠಿ ಹಾಕಿದ ಚಹಾ ತಂದುಕೊಟ್ಟಳು. ಮುಂದಿನ ವಾರ ಇವನು ಹಟಕ್ಕೆ ಬಿದ್ದು ನಲವತ್ತು ನಿಮಿಷ ಮಾತಾಡಿದ. "ಪರವಾಗಿಲ್ಲ, ಸ್ವಲ್ಪ ಚೇತರಿಸಿಕೊಂಡಿದ್ದೀರಿ" ಅಂದರಂತೆ!

ನಲವತ್ತು ನಿಮಿಷ ಎಂಬುದು ನನ್ನ ಲೆಕ್ಕ. ಹೆಂಡತಿ ಇಪ್ಪತ್ತೈದು ಅನ್ನುತ್ತಾಳೆ. ಈ ಕಥೆಗಳನ್ನು ನಾನು ಅಪ್ಪರ್ ಹಿಲ್‌ನ ಆಫೀಸಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿದಷ್ಟೂ ಪ್ರಬೋಧನೆ ಉದ್ದವಾಗುತ್ತದೆ. ನನ್ನ ನೆನಪನ್ನು ನೀವೂ ಅಷ್ಟಾಗಿ ನಂಬಬೇಡಿ.

ಆದರೆ ಒಂದು ಸೋಮವಾರದ ಈ ಮಾತು ಮಾತ್ರ ಹೆಚ್ಚು ಕಡಿಮೆ ಹೀಗೇ ನಡೆದದ್ದು.

"ಭಾವ, ಇವರಿಗೆ ನಾನು ಬೇಡ."

"ಯಾರು ಹೇಳಿದ್ರೋ?"

"ಹೇಳೋದೇನು? ಮನೆ ಆಶೀರ್ವಾದ ಮಾಡಿ ಹೊರಡ್ತೀನಿ ಅಂದ್ರೆ ಮನೆಗೆ ಮನೆಯೇ ಎದ್ದು ಹಿಂದೆ ಬರುತ್ತೆ. ಅಜ್ಜಿ, ಮಗಳು, ಪಕ್ಕದ ಮನೆಯವ್ರು. ಮಟಾಟು ವ್ಯಾನು ಹತ್ತೋವರೆಗೂ ನಿಲ್ತಾರೆ. ಹತ್ತಿದ ಮೇಲೂ ನಿಲ್ತಾರೆ! ನಾನು ನಿಜವಾಗ್ಲೂ ಹೋದ್ನಾ ಅಂತ ಖಾತ್ರಿ ಮಾಡ್ಕೊಳ್ತಾರೆ."

ನಾನು ನಕ್ಕು ನಕ್ಕು ಸಾರು ನೆತ್ತಿಗೇರಿಸಿಕೊಂಡೆ. "ಅದು ಇಲ್ಲಿಯ ಮರ್ಯಾದೆ ಕಣೋ. ನೆಂಟರನ್ನ ಬಾಗಿಲಲ್ಲೇ ಬಿಟ್ಟರೆ ಹೊರಗೆ ದೂಡಿದ ಹಾಗೆ. ನಮ್ಮಲ್ಲಿ ಗೇಟಿನವರೆಗೆ, ಇವರಲ್ಲಿ ಬಸ್ಸಿನವರೆಗೆ."

"ನಿಮ್ಮನ್ನ ಯಾರ್ಯಾರು ಹಾಗೆ ಬಿಟ್ಟು ಬಂದಿದ್ದಾರೆ?"

"ನಾನು ಕಾರಲ್ಲಿ ಓಡಾಡ್ತೀನಲ್ಲ" ಅಂದೆ. ಉತ್ತರ ನನಗೇ ರುಚಿಸಲಿಲ್ಲ.

ವಿಷಯ ತಿಳಿದ ಮೇಲಾದರೂ ಸುಮ್ಮನಿರಬೇಕೋ ಬೇಡವೋ? ಇಲ್ಲ! ತನ್ನನ್ನು ಚರ್ಚಿನವರೆಗೆ ಬಿಡಲು ಬಂದ, ಧರ್ಮಪಾಠ ಹೇಳುವ ಮುದಿ ಉಪದೇಶಿಯನ್ನು ಮರ್ಯಾದೆಗೆಂದು ತಾನೇ ಅವರ ಮನೆಯವರೆಗೆ ಬಿಟ್ಟ. ಅವರು ಬಿಡುತ್ತಾರೆಯೇ? ಮತ್ತೆ ಇವನನ್ನು ಚರ್ಚಿಗೆ ಬಿಟ್ಟರು. ಮೂರು ಸಲ ಹೋಗಿ ಬಂದ ಮೇಲೆ ಉಪದೇಶಿಯ ಹೆಂಡತಿ ನಡುದಾರಿಗೇ ಬಂದು ಗಂಡನನ್ನು ಎಳೆದುಕೊಂಡು ಹೋದಳಂತೆ.

ಆಮೇಲೆ ಇವನು ಹೊಸ ಉಪಾಯ ಕಂಡುಕೊಂಡ. ಕದ್ದು ಹೊರಡುವುದು! ಫೋನು ಬಂದಂತೆ ನಟಿಸಿ ಎದ್ದರೆ ಮತ್ತೆ ಪತ್ತೆಯಿಲ್ಲ. ಒಂದು ಸಲ ಹಿಂಬಾಗಿಲಿಂದ, ಒಣಹಾಕಿದ ಬಟ್ಟೆಗಳ ಕೆಳಗೆ ಬಗ್ಗಿ ಹೋಗಿದ್ದಾನೆ, ದೇವರ ಸೇವಕ! ಮೂರನೇ ಸಲ ತಪ್ಪಿಸಿಕೊಂಡದ್ದು ಒಬ್ಬ ಶೋಶೋ, ಅಂದರೆ ಅಜ್ಜಿಯ ಮನೆಯಿಂದ. ಆಕೆ ಚಪಾತಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಕುರ್ಚಿ ಖಾಲಿ. ಆಕೆ ಎರಡು ಭಾನುವಾರ ಚರ್ಚಿಗೆ ಬರಲಿಲ್ಲ. ಆಕೆಯ ಜೊತೆ ಹಾಡುವ ಹೆಂಗಸರ ಬೆಂಚೂ ಬರಲಿಲ್ಲ. ಕೊನೆಗೆ ಉಪದೇಶಿ ಬಂದು, "ನನ್ನ ಮನೆಯಲ್ಲಿ ಫಾದರ್‌ಗೆ ಏನು ತಪ್ಪಾಯಿತು ಅಂತ ಶೋಶೋ ಕೇಳ್ತಿದ್ದಾಳೆ" ಅಂದರಂತೆ.

ಅದಾದ ಮೇಲಿನ ಸೋಮವಾರ ಇವನು ಊಟಕ್ಕೂ ಮೊದಲೇ ಫೋನು ತೆಗೆದ. "ನನಗೆ ಏನೂ ಅರ್ಥ ಆಗ್ತಿಲ್ಲಕ್ಕ. ಇವತ್ತು ಪತ್ರ ಕಳಿಸಿಬಿಡ್ತೀನಿ."

ನನ್ನ ಹೆಂಡತಿ ತುಪ್ಪದ ಚಮಚ ಕೆಳಗಿಟ್ಟಳು. "ಮೊದಲು ಆ ಅಜ್ಜಿಗೆ ಹೇಳಿ ಬಾ. ಆಮೇಲೆ ಎಲ್ಲಿಗಾದ್ರೂ ಹೋಗು."

ಕಾರು ನಾನೇ ಓಡಿಸಿದೆ. ಲಾರಿಗಳ ಮಧ್ಯೆ ಒಂದೂವರೆ ಗಂಟೆ. ಶೋಶೋ ನಮ್ಮನ್ನು ಕೂರಿಸಿದಳು, ಚಹಾ ಕೊಟ್ಟಳು, ಬೈಯಲಿಲ್ಲ. ಅವನ ಎದುರು ಕೂತು ಸ್ವಾಹಿಲಿಯಲ್ಲಿ ಒಂದೇ ಒಂದು ಮಾತು ಕೇಳಿದಳು. ನಾನು ಕನ್ನಡಕ್ಕೆ ತಂದೆ: "ಊರು ಬಿಡುವಾಗ ನಿಮ್ಮಮ್ಮ ನಿಮ್ಮನ್ನ ಎಲ್ಲಿಯವರೆಗೆ ಬಿಟ್ಟರು?"

ಇದನ್ನು ನಾನು ಮೊದಲೇ ಹೇಳಬೇಕಿತ್ತು. ನಗಿಸುವ ಭರದಲ್ಲಿ ಬಿಟ್ಟೆನೋ, ಬೇಕೆಂದೇ ಮರೆತೆನೋ. ಅವನು ಮೈಸೂರು ಬಿಟ್ಟದ್ದು ಅಮ್ಮ ಬೆಳಗಿನ ಪೂಜೆಗೆ ಹೋಗಿದ್ದ ಹೊತ್ತಿನಲ್ಲಿ. ಅತ್ತೆ, ಅಂದರೆ ಅವನಮ್ಮ, ಮನೆಗೆ ವಾಪಸ್ ಬಂದಾಗ ಸೂಟ್‌ಕೇಸೂ ಇರಲಿಲ್ಲ, ಮಗನೂ ಇರಲಿಲ್ಲ. ಅಂದಿನಿಂದ ಅವನ ಜೊತೆ ಮಾತು ಬಿಟ್ಟಿದ್ದರು. ಮಗಳಿಗೆ ಫೋನು ಮಾಡಿ, "ಆ ಸ್ವಾಮಿಗಳು ಊಟ ಮಾಡ್ತಾರಾ?" ಅಂತ ಕೇಳುತ್ತಿದ್ದರು, ಅಷ್ಟೆ.

ಅವನು ತಲೆ ತಗ್ಗಿಸಿದ. "ಅಮ್ಮ ಗೇಟಲ್ಲಿ ನಿಂತಿದ್ರೆ ನನ್ನ ಕೈಲಿ ಹೊರಡೋಕೆ ಆಗ್ತಿರ್ಲಿಲ್ಲ, ಭಾವ. ಇವರೆಲ್ಲ ಹಿಂದೆ ಬಂದ್ರೂ ಹಾಗೇ ಆಗುತ್ತೆ. ಇದನ್ನ ಇವರಿಗೆ ಹೇಗೆ ಹೇಳ್ತೀರೋ ಹೇಳಿ."

ನನ್ನ ಸ್ವಾಹಿಲಿ ಅಂಗಡಿಗೂ ಡ್ರೈವರಿಗೂ ಸಾಕಾಗುವಷ್ಟು. ಏನು ಹೇಳಿದೆನೋ ನನಗೇ ಗೊತ್ತಿಲ್ಲ. ಶೋಶೋಗೆ ನಾನು ಹೇಳಿದ್ದಕ್ಕಿಂತ ಹೆಚ್ಚು ಗೊತ್ತಾದಂತಿತ್ತು. "ಸವಾ, ಸರಿ, ಈಗ ಅಮ್ಮನ ಜೊತೆ ಮಾತಾಡಿ" ಅಂದಳು.

ನನ್ನ ಫೋನಿನಿಂದ ಮಾಡಿದ್ದಕ್ಕೆ ಅತ್ತೆ ಎತ್ತಿದರು. ಪರದೆಯಲ್ಲಿ ಅವರ ಅರ್ಧ ಹಣೆ, ಮೇಲೆ ತಿರುಗುವ ಫ್ಯಾನು. ಮಗನನ್ನು ಕಂಡು ಫೋನನ್ನು ಸ್ವಲ್ಪ ದೂರ ಹಿಡಿದರು. ಎರಡೂವರೆ ತಿಂಗಳು ತಡವಾಗಿ ಅವನು ಹೇಳಿದ:

"ಅಮ್ಮಾ... ಬರ್ತೀನಮ್ಮಾ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಹ್ಞೂಂ. ಹೋಗಿ ಬಾ. ಕೆಲಸ ಮುಗಿಸ್ಕೊಂಡೇ ಬಾ."